ಜಾಲತಾಣದ ಮೆನು ಓದುಗರಿಗೆ ಅರ್ಥವಾಗುತ್ತಿದೆಯೇ? ಪರೀಕ್ಷಿಸುವ ಸರಳ ವಿಧಾನ

ಸಂಸ್ಥೆಯೊಂದರ ಜಾಲತಾಣದಲ್ಲಿ ವಿದ್ಯಾರ್ಥಿವೇತನದ ಅರ್ಜಿ ಇದೆ, ಸಲ್ಲಿಸಬೇಕಾದ ಕೊನೆಯ ದಿನಾಂಕವೂ ಇದೆ ಎಂದುಕೊಳ್ಳೋಣ. ಆದರೆ ಅದನ್ನು ಇಟ್ಟಿರುವುದು 'ಪ್ರಕಟಣೆಗಳು' ಎಂಬ ಶೀರ್ಷಿಕೆಯ ಕೆಳಗೆ. ಶುಲ್ಕಕ್ಕೆ ನೆರವು ಹುಡುಕುತ್ತಾ ಬಂದ ವಿದ್ಯಾರ್ಥಿ ಮೊದಲು 'ಶಿಕ್ಷಣ' ಒತ್ತುತ್ತಾನೆ. ಅಲ್ಲಿ ಸಂಸ್ಥೆ ನಡೆಸುವ ಶಾಲೆಗಳ ಪಟ್ಟಿ ಕಾಣುತ್ತದೆ. 'ಸೇವೆಗಳು' ಒತ್ತಿದರೆ ಆರೋಗ್ಯ ಶಿಬಿರದ ಛಾಯಾಚಿತ್ರಗಳು. ಇಲ್ಲಿ ಅಂಥದ್ದೇನೂ ಇಲ್ಲವೆಂದು ತಿಳಿದು ಆತ ಹೊರಟುಹೋಗುತ್ತಾನೆ, ಕೊನೆಯ ದಿನಾಂಕವೂ ಕಳೆದುಹೋಗುತ್ತದೆ. ಸಂಸ್ಥೆಯವರಿಗೆ ಇದು ಗೊತ್ತಾಗುವುದೇ ಇಲ್ಲ. ಬೇಕಾದದ್ದು ಸಿಗದೆ ಹೋದವರು ಸಾಮಾನ್ಯವಾಗಿ ದೂರು ಹೇಳುವುದಿಲ್ಲ, ತಮಗೇ ಕಂಪ್ಯೂಟರ್ ಬಾರದೆಂದು ಸುಮ್ಮನಾಗುತ್ತಾರೆ.

ಮೆನುವನ್ನು ರೂಪಿಸುವವರು ಸಾಮಾನ್ಯವಾಗಿ ಸಂಸ್ಥೆಯ ಒಳಗಿನವರು. ಯಾವ ವಿಷಯ ಯಾವ ವಿಭಾಗಕ್ಕೆ ಸೇರಿದ್ದೆಂಬುದು ಅವರಿಗೆ ಬಾಯಿಪಾಠ. ಹೀಗಾಗಿ ಅವರೇ ಕುಳಿತು ಎಷ್ಟು ಸಲ ಪರಿಶೀಲಿಸಿದರೂ ದೋಷ ಕಾಣಿಸುವುದಿಲ್ಲ. ಹೊರಗಿನವರ ಕೈಗೆ ಕೊಟ್ಟು ನೋಡುವುದೊಂದೇ ದಾರಿ.

ಇದಕ್ಕೆ ತಂತ್ರಾಂಶವಾಗಲಿ, ಸಿದ್ಧಗೊಂಡ ಜಾಲತಾಣವಾಗಲಿ ಬೇಕಿಲ್ಲ. ಆಸ್ಟ್ರೇಲಿಯಾದ ಡೋನಾ ಸ್ಪೆನ್ಸರ್ 2003ರಲ್ಲಿ ಕೇವಲ ಕಾಗದದ ಕಾರ್ಡುಗಳಿಂದ ಇದನ್ನು ನಡೆಸುವ ಕ್ರಮವನ್ನು ವಿವರಿಸಿದ್ದರು. ಒಂದು ಕಾರ್ಡಿನಲ್ಲಿ ಮೆನುವಿನ ಮೊದಲ ಹಂತದ ಶೀರ್ಷಿಕೆಗಳನ್ನು ಬರೆಯಲಾಗುತ್ತದೆ. ಪ್ರತಿಯೊಂದು ಶೀರ್ಷಿಕೆಯ ಕೆಳಗೆ ಬರುವ ಉಪಶೀರ್ಷಿಕೆಗಳಿಗೆ ಬೇರೆ ಬೇರೆ ಕಾರ್ಡುಗಳು. ಬಂದವರಿಗೆ ಒಂದು ಕೆಲಸ ಹೇಳಿ, ಮೊದಲ ಕಾರ್ಡು ತೋರಿಸಿ, ಎಲ್ಲಿ ಹುಡುಕುತ್ತೀರಿ ಎಂದು ಕೇಳಬೇಕು. ಅವರು ಆರಿಸಿದ್ದಕ್ಕೆ ತಕ್ಕ ಮುಂದಿನ ಕಾರ್ಡನ್ನು ಮುಂದಿಡಬೇಕು. ಬಣ್ಣ, ಚಿತ್ರ, ವಿನ್ಯಾಸ ಯಾವುದೂ ಇಲ್ಲದ ಕಾರಣ ಶಬ್ದಗಳು ಮತ್ತು ಅವುಗಳ ಜೋಡಣೆ ಮಾತ್ರ ಪರೀಕ್ಷೆಗೆ ಒಳಗಾಗುತ್ತವೆ. ಇದೇ ವಿಧಾನ ಇಂದು 'ಟ್ರೀ ಟೆಸ್ಟಿಂಗ್' ಎಂಬ ಹೆಸರಿನಲ್ಲಿ ಆನ್‌ಲೈನ್‌ನಲ್ಲಿಯೂ ನಡೆಯುತ್ತದೆ.

ಹೆಚ್ಚಿನವರು ಎಡವುವುದು ಪ್ರಶ್ನೆ ಕೇಳುವ ರೀತಿಯಲ್ಲಿ. ಮೆನುವಿನಲ್ಲಿ 'ವಿದ್ಯಾರ್ಥಿವೇತನ' ಎಂದಿದ್ದು, ಪ್ರಶ್ನೆಯಲ್ಲೂ ಅದೇ ಶಬ್ದ ಬಂದರೆ ಅದು ಅಕ್ಷರ ಹೊಂದಿಸುವ ಆಟವಾಗುತ್ತದೆ. ಅದರ ಬದಲು, "ನಿಮ್ಮ ಮಗಳು ಈ ವರ್ಷ ಇಂಜಿನಿಯರಿಂಗ್ ಸೇರಿದ್ದಾಳೆ, ಶುಲ್ಕ ಕಟ್ಟಲು ಯಾರಾದರೂ ನೆರವಾಗುತ್ತಾರೆಯೇ ಎಂದು ನೋಡಬೇಕು" ಎಂದು ಹೇಳಬೇಕು. ಮನೆಯಲ್ಲಿ ಜನ ಮಾತನಾಡುವುದು ಹಾಗೆಯೇ.

ನಂತರದ ಕೆಲಸ ಇನ್ನೂ ಕಷ್ಟದ್ದು: ಸುಮ್ಮನಿರುವುದು. ಎದುರಿಗಿದ್ದವರು ತಪ್ಪು ದಾರಿ ಹಿಡಿದಾಗ "ಅಲ್ಲಲ್ಲ, ಪಕ್ಕದ್ದು" ಎಂದು ಬಾಯಿಗೆ ಬರುತ್ತದೆ. ಹಾಗೆ ಹೇಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಮೊದಲು ಯಾವುದನ್ನು ಆರಿಸಿದರು, ಎಲ್ಲಿ ತಡೆದು ನಿಂತರು, ಎಲ್ಲಿಂದ ಹಿಂದಿರುಗಿದರು, ಎಲ್ಲಿ ಕೈಬಿಟ್ಟರು ಎಂಬುದನ್ನು ಬರೆದುಕೊಳ್ಳಬೇಕು. ಅದರಲ್ಲೂ ಮೊದಲ ಆಯ್ಕೆ ಬಹಳ ಮುಖ್ಯ. ಬಾಬ್ ಬೈಲಿ ಮತ್ತು ಕೇರಿ ವೋಲ್ಫ್‌ಸನ್ ಅವರ ಅಧ್ಯಯನದಲ್ಲಿ ಮೊದಲ ಕ್ಲಿಕ್ ಸರಿಯಾದ ದಾರಿಯಲ್ಲಿದ್ದಾಗ ಶೇ. 87ರಷ್ಟು ಕೆಲಸಗಳು ಕೈಗೂಡಿದ್ದವು. ಅದು ತಪ್ಪಿದಾಗ ಶೇ. 46ರಷ್ಟು ಮಾತ್ರ.

ಎಷ್ಟು ಜನ ಬೇಕು? ಐದು ಜನರನ್ನು ಗಮನಿಸಿದರೆ ಬಹುಪಾಲು ತೊಡಕುಗಳು ಕಾಣುತ್ತವೆಂದು ಜೇಕಬ್ ನೀಲ್ಸನ್ 2000ದಲ್ಲಿ ಬರೆದದ್ದು ಪ್ರಸಿದ್ಧ. ದೋಷಗಳನ್ನು ಹುಡುಕಲು ಅದು ಸಾಕು, ಶೇಕಡಾವಾರು ಲೆಕ್ಕ ಹೇಳಲು ಸಾಲದು. ಸಂಖ್ಯೆಗಿಂತ ಯಾರು ಎಂಬುದು ದೊಡ್ಡ ಪ್ರಶ್ನೆ. ಆಡಳಿತ ಮಂಡಳಿಯ ಸದಸ್ಯರ ಮಕ್ಕಳನ್ನು ಕರೆತಂದು ಕೂರಿಸಿದರೆ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ವಾಟ್ಸಾಪ್ ಬಿಟ್ಟು ಬೇರೇನೂ ತೆರೆಯದ ಹಿರಿಯರು, ಹಳ್ಳಿಯ ಕಾಲೇಜು ವಿದ್ಯಾರ್ಥಿಗಳು, ಪರ ಊರಿನಿಂದ ಬಸದಿಯ ದರ್ಶನಕ್ಕೆ ಬರಲಿರುವವರು ಇದ್ದರೆ ಒಳ್ಳೆಯದು.

ಕನ್ನಡ ಮೆನುಗಳಿಗೆ ಇನ್ನೊಂದು ತೊಡಕಿದೆ. 'ಪ್ರವೇಶ' ಎಂದರೆ ಲಾಗಿನ್ನೋ, ಶಾಲೆಗೆ ಸೇರ್ಪಡೆಯೋ, ಒಳಗೆ ಹೋಗಲು ಅನುಮತಿಯೋ? ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಹಿತಿಯನ್ನು ಒಬ್ಬರು 'ಬಸದಿಗಳು' ಎಂಬಲ್ಲಿ ಹುಡುಕಿದರೆ, ಇನ್ನೊಬ್ಬರು 'ಕ್ಷೇತ್ರಗಳು', ಮತ್ತೊಬ್ಬರು 'ಇತಿಹಾಸ' ಒತ್ತಬಹುದು. ಮೂವರೂ ತಪ್ಪು ಮಾಡಿಲ್ಲ. ಇಂತಹ ಕಡೆ ಒಂದೇ ಪುಟಕ್ಕೆ ಎರಡು ಮೂರು ಕಡೆಯಿಂದ ದಾರಿ ಕೊಡುವುದರಲ್ಲಿ ಸಂಕೋಚ ಬೇಡ. ಇಂಗ್ಲಿಷ್ ಮೆನುವನ್ನು ಪದಕ್ಕೆ ಪದ ಅನುವಾದಿಸಿ ಇಟ್ಟ ಜಾಲತಾಣಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು.

ಕಾರ್ಡುಗಳಲ್ಲಿ ಗೆದ್ದ ಮೆನು ಮೊಬೈಲಿನಲ್ಲಿ ಸೋಲಬಹುದು. ಮೂರು ಗೆರೆಗಳ ಗುರುತಿನ ಹಿಂದೆ ಅಡಗಿಸಿಟ್ಟ ಮೆನುವನ್ನು, ಎದುರಿಗೇ ಕಾಣುವ ಮೆನುವಿಗಿಂತ ಕಡಿಮೆ ಜನ ಬಳಸುತ್ತಾರೆಂದು ನೀಲ್ಸನ್ ನಾರ್ಮನ್ ಗ್ರೂಪ್ 2016ರಲ್ಲಿ ಪ್ರಕಟಿಸಿದ ಪರೀಕ್ಷೆ ತೋರಿಸಿತ್ತು. ಆ ಗೆರೆಗಳ ಪಕ್ಕದಲ್ಲಿ 'ಮೆನು' ಎಂದು ಬರೆಯಬಹುದು, ಅಥವಾ ಅತ್ಯಗತ್ಯವಾದ ಮೂರು ನಾಲ್ಕು ಕೊಂಡಿಗಳನ್ನು ಮುಖಪುಟದಲ್ಲೇ ಇಡಬಹುದು.

ತಿದ್ದುಪಡಿಯ ನಂತರ ಮತ್ತೊಮ್ಮೆ ಪರೀಕ್ಷಿಸುವಾಗ ಹೊಸಬರನ್ನೇ ಕರೆಯಬೇಕು. ಮೊದಲ ಸಲ ಬಂದವರಿಗೆ ದಾರಿ ಆಗಲೇ ಪರಿಚಯವಾಗಿರುತ್ತದೆ. ಹಾಗೆಯೇ ಹಳೆಯ ಪ್ರಶ್ನೆಗಳನ್ನೆಲ್ಲ ಮತ್ತೆ ಕೇಳಬೇಕು, ಏಕೆಂದರೆ ವಿದ್ಯಾರ್ಥಿವೇತನವನ್ನು 'ಶಿಕ್ಷಣ'ದ ಕೆಳಗೆ ತಂದಾಗ ಅಲ್ಲಿದ್ದ ಶಾಲೆಗಳ ಪಟ್ಟಿ ಕಣ್ಮರೆಯಾಗಿರಬಹುದು.