ಮೂಟೆ ಹೇರುವ ಮುನ್ನ ಗಾಳಿ, ಇಳಿಜಾರಿಗೆ ಮುನ್ನ ಗೇರು

ಕಾಫಿ ಕೊಯ್ಲು, ಅಡಿಕೆ ಸುಲಿತ ಮುಗಿಯುತ್ತಿದ್ದಂತೆ ನಮ್ಮ ತೋಟದ ದಾರಿಗಳಲ್ಲಿ ಟಿಲ್ಲರು, ಟ್ರ್ಯಾಕ್ಟರುಗಳ ಓಡಾಟ ಹೆಚ್ಚುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ಟ್ರೈಲರನ್ನು ಎಳೆದು ತಂದು, ಧೂಳು ಕೊಡವಿ, ಮೂಟೆ ಹೇರಿ ಹೊರಡುವುದು ರೂಢಿ. ಟೈರಿನ ಗಾಳಿಯನ್ನು ನೋಡುವವರು ಕಡಿಮೆ.

ಭಾರ ಹೊರುವುದು ರಬ್ಬರಲ್ಲ, ಒಳಗಿನ ಗಾಳಿ. ಗಾಳಿ ಕಡಿಮೆಯಿದ್ದರೆ ಟೈರಿನ ಬದಿ ಪ್ರತಿ ಸುತ್ತಿಗೂ ಮಡಚಿ ಕಾಯುತ್ತದೆ. ಒಳಪದರ ಬಿಟ್ಟು ಕೊನೆಗೆ ಸಿಡಿಯುತ್ತದೆ. ತಿರುವಿನಲ್ಲಿ ಟ್ರೈಲರ್ ಓಲಾಡುತ್ತದೆ. ಗಾಳಿ ಅತಿಯಾದರೆ ನಡುಭಾಗ ಮಾತ್ರ ಸವೆದು ಹಿಡಿತ ತಪ್ಪುತ್ತದೆ. ಒದ್ದು ನೋಡಿ ಅಂದಾಜು ಮಾಡುವುದು ಸಾಲದು, ಒಂದು ಗಾಳಿಮಾಪಕ ಇಟ್ಟುಕೊಳ್ಳಿ. ಬೆಳಿಗ್ಗೆ ಟೈರು ತಣ್ಣಗಿರುವಾಗಲೇ ಅಳೆಯಿರಿ. ಓಡಿ ಬಿಸಿಯಾದಾಗ ಹೆಚ್ಚು ತೋರಿತೆಂದು ಗಾಳಿ ಬಿಡಬೇಡಿ. ಎಡ ಬಲ ಎರಡೂ ಸಮನಾಗಿರಲಿ. ಟ್ರ್ಯಾಕ್ಟರಿನ ದೊಡ್ಡ ಹಿಂಬದಿ ಟೈರಿಗೂ ಟ್ರೈಲರಿನ ಟೈರಿಗೂ ಬೇಕಾದ ಗಾಳಿ ಒಂದೇ ಅಲ್ಲ. ಎಷ್ಟು ಪೌಂಡು ಎಂಬುದನ್ನು ತಯಾರಕರ ಕೈಪಿಡಿ ನೋಡಿಯೇ ತುಂಬಿಸಿ.

ಇನ್ನು ಭಾರ ಮತ್ತು ವೇಗ. ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಪವರ್ ಟಿಲ್ಲರನ್ನು ವಿವರಿಸುವಲ್ಲಿಯೇ ಮಿತಿ ಹಾಕಿವೆ: ಟ್ರೈಲರ್ ಜೋಡಿಸಿದಾಗ ಗಂಟೆಗೆ 22 ಕಿಲೋಮೀಟರು, ಎಳೆಯುವ ಭಾರ ಒಂದೂವರೆ ಟನ್ನು. 50 ಕಿಲೋದ ಮೂಟೆಯಾದರೆ 30 ಮೂಟೆಗೆ ಲೆಕ್ಕ ಮುಗಿಯಿತು. ಮೇಲೆ ಇನ್ನೈದು ಎಸೆದು, ಅದರ ಮೇಲೆ ಆಳುಗಳನ್ನು ಕೂರಿಸಿದರೆ ಆ ಭಾರ ಮಿತಿ ಮೀರಿದ್ದು.

ವೇಗ ಇಮ್ಮಡಿಯಾದರೆ ನಿಲ್ಲಿಸಲು ಬೇಕಾದ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಬ್ರೇಕಿಲ್ಲದ ಟ್ರೈಲರ್ ಇಳಿಜಾರಿನಲ್ಲಿ ಹಿಂದಿನಿಂದ ನೂಕುತ್ತದೆ. ಆದ್ದರಿಂದ ಏರುವಾಗ ಯಾವ ಗೇರು ಬೇಕೋ ಇಳಿಯುವಾಗಲೂ ಅದೇ ಗೇರು; ಇಳಿಜಾರು ಆರಂಭವಾಗುವ ಮೊದಲೇ ಹಾಕಿಕೊಳ್ಳಿ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಬೇಡಿ, ಕ್ಲಚ್ ಒತ್ತಿಹಿಡಿಯಬೇಡಿ. ಟ್ರ್ಯಾಕ್ಟರಾದರೆ ಎರಡು ಬ್ರೇಕ್ ಪೆಡಲುಗಳನ್ನು ಜೋಡಿಸಿ ಚಿಲಕ ಹಾಕಿಯೇ ರಸ್ತೆಗಿಳಿಯಿರಿ. ಒಂದೇ ಪೆಡಲು ತುಳಿದರೆ ಗಾಡಿ ಅಡ್ಡ ತಿರುಗಿ ಮಗುಚಬಹುದು.

ಟಿಲ್ಲರ್ ಓಡಿಸುವವರು ಮರೆಯಬಾರದ ಮಾತೊಂದಿದೆ. ಸಮತಟ್ಟಿನಲ್ಲಿ ಎಡಗಡೆಯ ಸ್ಟೀರಿಂಗ್ ಕ್ಲಚ್ ಹಿಡಿದರೆ ಟಿಲ್ಲರ್ ಎಡಕ್ಕೆ ತಿರುಗುತ್ತದೆ. ಭಾರ ನೂಕುವ ಇಳಿಜಾರಿನಲ್ಲಿ ಅದೇ ಕ್ಲಚ್ ಹಿಡಿದರೆ ಬಲಕ್ಕೆ ಎಳೆಯುತ್ತದೆ! ಬಿಡುವಾದ ಎಡಚಕ್ರ ಸರಾಗವಾಗಿ ಉರುಳುತ್ತದೆ, ಬಲಚಕ್ರವನ್ನು ಎಂಜಿನ್ ತಡೆದು ಹಿಡಿದಿರುತ್ತದೆ. ಹೊಸಬರು ಗಾಬರಿಯಿಂದ ಇನ್ನೂ ಬಲವಾಗಿ ಹಿಡಿದು ಕಂದಕದತ್ತ ಹೋಗುವುದು ಹೀಗೆಯೇ. ಇಳಿಜಾರಿನಲ್ಲಿ ಆ ಕ್ಲಚ್ ಮುಟ್ಟದೆ, ಕೆಳಗಿನ ಗೇರಿನಲ್ಲಿ, ಹ್ಯಾಂಡಲಿನಿಂದಲೇ ನಿಧಾನವಾಗಿ ತಿರುಗಿಸಬೇಕು. ನಿಮ್ಮ ಮನೆಯ ಹುಡುಗರಿಗೆ, ಚಾಲಕರಿಗೆ ಇದನ್ನು ಖಾಲಿ ಟ್ರೈಲರಿನೊಂದಿಗೆ ತೋರಿಸಿಕೊಡಿ.

ಆಳುಗಳನ್ನು ಮೂಟೆಯ ಮೇಲೆ ಕೂರಿಸದೆ ಬೇರೆ ವಾಹನದಲ್ಲಿ ಕಳುಹಿಸಿ. ಫಸಲು ಅರ್ಧ ಗಂಟೆ ತಡವಾಗಿ ಡಿಪೋ ತಲುಪಿದರೆ ತೂಕವೇನೂ ಕಡಿಮೆಯಾಗದು. ಹೋದವರು ಮನೆಗೆ ಮರಳಬೇಕು, ಅದು ಮುಖ್ಯ.