ಮೊದಲ ಕೌದಿಗೆ ಬಣ್ಣಗಳ ಆಯ್ಕೆ

ಹಿಂಗಾರಿ ಜೋಳದ ರಾಶಿ ಮುಗಿದು ಕಣ ಖಾಲಿಯಾದ ಮೇಲೆ ಮುಂಗಾರಿನ ಬಿತ್ತನೆಯವರೆಗೆ ರೈತ ಕುಟುಂಬದ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತು ಒಂದಿಷ್ಟು ಬಿಡುವು ದೊರೆಯುತ್ತದೆ. ಕೌದಿ ಹೊಲಿಯಲು ಇದು ಒಳ್ಳೆಯ ಕಾಲ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಕೈಸೂಜಿಯಿಂದ ಸಾಲು ಹೊಲಿಗೆ ಹಾಕಿದರೆ ಕೌದಿಯಾಯಿತು. ಇಂಥದನ್ನೇ ಕೆಲವು ಕಡೆ ಬೊಂತೆ ಎನ್ನುತ್ತಾರೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಹೆಣ್ಣುಮಕ್ಕಳು ಕವಂದಿ ಎನ್ನುತ್ತಾರೆ.

ಕೌದಿಯ ಹೊಲಿಗೆ ಕಲಿಯುವುದು ಕಷ್ಟವಲ್ಲ. ಒಂದು ವಾರ ಕೈ ಆಡಿಸಿದರೆ ಹೊಲಿಗೆ ತಾನಾಗಿ ನೇರವಾಗುತ್ತದೆ. ಹೊಸಬರು ಎಡವುವುದು ಬಣ್ಣದ ಆಯ್ಕೆಯಲ್ಲಿ. ಟ್ರಂಕಿನಲ್ಲಿ ಇದ್ದುದನ್ನೆಲ್ಲ ಕತ್ತರಿಸಿ, ಕೈಗೆ ಬಂದ ತುಂಡನ್ನು ಬಂದಂತೆ ಕೂಡಿಸುತ್ತ ಹೋದರೆ, ಅರ್ಧ ಮುಗಿಯುವಷ್ಟರಲ್ಲಿ ಅದು ಕಣ್ಣಿಗೆ ಹಿತವೆನಿಸದೆ ಅಟ್ಟ ಸೇರುತ್ತದೆ. ಕತ್ತರಿಸಿದ ಸೀರೆ ಮತ್ತೆ ಸೀರೆಯಾಗದು. ಈಗಂತೂ ಹಳೆಯ ಹತ್ತಿ ಸೀರೆ ಎಲ್ಲ ಮನೆಗಳಲ್ಲಿಯೂ ಸಿಗುವ ವಸ್ತುವಲ್ಲ. ದಿನವೂ ಉಡುವ ಸೀರೆಗಳಲ್ಲಿ ಪಾಲಿಯೆಸ್ಟರು ಸೇರಿಕೊಂಡಿದೆ. ಉಳಿದ ಹತ್ತಿಯ ಅರಿವೆಯನ್ನು ಸ್ಟೀಲ್ ಪಾತ್ರೆ ಮಾರುವವರಿಗೆ ಕೊಟ್ಟುಬಿಡುವವರೂ ಇದ್ದಾರೆ. ತಾಯಿಯದೋ ಅತ್ತೆಯದೋ ಎಂದು ಎತ್ತಿಟ್ಟ ಎರಡು ಮೂರು ಸೀರೆಗಳಿಗೆ ಕತ್ತರಿ ಹಾಕುವ ಮುಂಚೆ ಬಣ್ಣದ ವಿಚಾರವನ್ನು ಮನಸ್ಸಿನಲ್ಲಿ ಇತ್ಯರ್ಥ ಮಾಡಿಕೊಳ್ಳುವುದು ಅವಶ್ಯ. ಈ ಪುಟವನ್ನು ಓದುತ್ತಿರುವವರು ಗಂಡಸರಾಗಿದ್ದರೆ ಮನೆಯಲ್ಲಿ ಓದಿ ಹೇಳಿರಿ. ಹೇಗೂ ನಿಮ್ಮ ಹಳೆಯ ಧೋತರಗಳು ಬೇಕಾಗುತ್ತವೆ.

ಮೊದಲು ಅರಿವೆ, ಆಮೇಲೆ ಬಣ್ಣ

ಬಣ್ಣ ಎಷ್ಟೇ ಚೆಂದವಿದ್ದರೂ ಅರಿವೆ ಸರಿಯಿಲ್ಲದಿದ್ದರೆ ಅದನ್ನು ಬಿಡತಕ್ಕದ್ದು. ಹತ್ತಿಯೊಡನೆ ಪಾಲಿಯೆಸ್ಟರು, ನೈಲಾನು ಬೆರೆಸಬೇಡಿರಿ. ಅವು ಸೂಜಿಯ ಕೆಳಗೆ ಜಾರುತ್ತವೆ, ಬೆವರು ಹೀರುವುದಿಲ್ಲ. ಗುರುತು ಹತ್ತದಿದ್ದರೆ ಒಂದೆರಡು ಎಳೆ ಕಿತ್ತು ಜಾಗ್ರತೆಯಿಂದ ಸುಟ್ಟು ನೋಡಿರಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರು ಕರಗಿ ಗಟ್ಟಿ ಗುಂಡಾಗುತ್ತದೆ.

ಹತ್ತಿಯ ಸೀರೆಯನ್ನು ಬಿಸಿಲಿಗೆ ಎತ್ತಿ ಹಿಡಿದು ನೋಡಿದರೆ ಜೀರ್ಣವಾದ ಜಾಗ ತಿಳಿಯುತ್ತದೆ. ಅಂಥ ಭಾಗವನ್ನು ಒಳಪದರಕ್ಕೆ ಹಾಕಿ, ಗಟ್ಟಿ ಭಾಗವನ್ನು ಮಾತ್ರ ಮೇಲಿನ ತುಂಡುಗಳಿಗೆ ಇಟ್ಟುಕೊಳ್ಳಿರಿ. ಸೊಂಟಕ್ಕೆ ಸಿಕ್ಕಿಸುವ ಒಳತುದಿ ಬಿಸಿಲು ಕಾಣದ ಕಾರಣ ಅಲ್ಲಿಯ ಬಣ್ಣ ಉಳಿದಿರುತ್ತದೆ, ಹೊರಭಾಗ ಮಾಸಿರುತ್ತದೆ. ಹೀಗೆ ಒಂದೇ ಸೀರೆಯಲ್ಲಿ ಎರಡು ಬಣ್ಣ ದೊರೆಯುವುದುಂಟು. ಇದು ದೋಷವಲ್ಲ, ಲಾಭ.

ಬಣ್ಣ ಬಿಡುವ ಅರಿವೆಯೇ ಕೌದಿಯ ದೊಡ್ಡ ಶತ್ರು. ಒಂದು ಕಡುಗೆಂಪು ತುಂಡು ಬಣ್ಣ ಬಿಟ್ಟರೆ ಸುತ್ತಲಿನ ಬಿಳಿಯೆಲ್ಲ ಕೆಂಪಾಗುತ್ತದೆ. ಆದುದರಿಂದ ಪ್ರತಿಯೊಂದು ಗಾಢ ಬಣ್ಣದ ಅರಿವೆಯನ್ನೂ ಪರೀಕ್ಷಿಸಿರಿ. ಸೋಪು ಹಾಕಿದ ಬೆಚ್ಚನೆಯ ನೀರಿನಲ್ಲಿ ಅದರ ಸಣ್ಣ ಚೂರನ್ನು ಒಂದು ಬಿಳಿ ಚಿಂದಿಯೊಡನೆ ಅರ್ಧ ಗಂಟೆ ನೆನೆಸಿ, ಹಿಂಡಿ, ಎರಡನ್ನೂ ಒಂದರ ಮೇಲೊಂದು ಇಟ್ಟು ಒಣಗಿಸಿರಿ. ಬಿಳಿ ಚಿಂದಿಗೆ ಬಣ್ಣ ಹತ್ತಿದರೆ ಆ ಅರಿವೆಯನ್ನು ಬೇರೆಯಾಗಿ ಹಲವು ಸಲ ಒಗೆದು ಮತ್ತೆ ಪರೀಕ್ಷಿಸಿರಿ. ಆಗಲೂ ಬಿಟ್ಟರೆ ಅದನ್ನು ಕೈಬಿಡುವುದೇ ಲೇಸು. ಉಪ್ಪು ನೀರಿನಲ್ಲಿ ನೆನೆಸಿದರೆ ಬಣ್ಣ ಶಾಶ್ವತವಾಗಿ ನಿಲ್ಲುತ್ತದೆಂಬ ನಂಬಿಕೆಯನ್ನು ನೆಚ್ಚಿಕೊಂಡು ಸೀರೆ ಕತ್ತರಿಸಬೇಡಿರಿ.

ತಿಳಿ ಯಾವುದು, ಗಾಢ ಯಾವುದು

ಬಣ್ಣ ಎಂದ ಕೂಡಲೆ ನಾವು ಕೆಂಪು, ಹಸಿರು, ಹಳದಿ ಎಂದು ಎಣಿಸುತ್ತೇವೆ. ಆದರೆ ದೂರದಿಂದ ಕೌದಿಯ ಚಿತ್ತಾರ ಎದ್ದು ಕಾಣುವುದಕ್ಕೆ ಮುಖ್ಯ ಕಾರಣ ಬಣ್ಣದ ಹೆಸರಲ್ಲ, ಅದು ಎಷ್ಟು ತಿಳಿ ಅಥವಾ ಎಷ್ಟು ಗಾಢ ಎಂಬುದು. ಇಟ್ಟಿಗೆ ಕೆಂಪು, ಎಲೆ ಹಸಿರು, ಮಧ್ಯಮ ನೀಲಿ ಈ ಮೂರೂ ಬೇರೆ ಬೇರೆ ಬಣ್ಣಗಳೇ. ಆದರೂ ಮೂರರ ಗಾಢತೆ ಹೆಚ್ಚು ಕಡಿಮೆ ಒಂದೇ ಆಗಿದ್ದರೆ, ಚೌಕಗಳನ್ನು ಎಷ್ಟು ಅಚ್ಚುಕಟ್ಟಾಗಿ ಕೂಡಿಸಿದರೂ ಹತ್ತು ಮಾರು ದೂರದಿಂದ ಎಲ್ಲವೂ ಕಲಸಿದಂತೆ ಕಾಣುತ್ತದೆ. ಅದೇ ಇಟ್ಟಿಗೆ ಕೆಂಪಿನ ಪಕ್ಕದಲ್ಲಿ ಧೋತರದ ಕೆನೆ ಬಿಳುಪು ಇಟ್ಟು ನೋಡಿರಿ, ಒಂದೊಂದು ಚೌಕವನ್ನೂ ಎಣಿಸಬಹುದು. ಹೊಸಬರು ಎಲ್ಲಕ್ಕಿಂತ ಮೊದಲು ಗಮನಿಸಬೇಕಾದ ಸಂಗತಿ ಇದು.

ಅರಿವೆಗಳನ್ನು ತಿಳಿ, ನಡು, ಗಾಢ ಎಂದು ಮೂರು ಗುಂಪು ಮಾಡಿರಿ. ಯಾವುದು ಯಾವ ಗುಂಪಿಗೆ ಸೇರಬೇಕೆಂಬ ಸಂದೇಹ ಬಂದರೆ, ಎಲ್ಲವನ್ನೂ ಅಂಗಳದಲ್ಲಿ ಹರವಿ, ಕಣ್ಣು ಅರೆಮುಚ್ಚಿ ನೋಡಿರಿ. ಆಗ ಬಣ್ಣ ಮಬ್ಬಾಗಿ ಬೆಳಕು–ನೆರಳು ಮಾತ್ರ ಉಳಿಯುತ್ತದೆ. ಮೊಬೈಲ್ ಫೋನಿನಲ್ಲಿ ಕಪ್ಪು–ಬಿಳುಪು ಚಿತ್ರ ತೆಗೆಯುವ ಅನುಕೂಲವಿದ್ದರೆ ಇನ್ನೂ ಸುಲಭ. ಆದರೆ ಈ ಪರೀಕ್ಷೆಯನ್ನು ಹಗಲಿನಲ್ಲಿಯೇ ಮಾಡತಕ್ಕದ್ದು. ಮುಸ್ಸಂಜೆಯ ಮಬ್ಬಿನಲ್ಲಿ ನಮ್ಮ ಕಣ್ಣಿಗೆ ಕೆಂಪು ಇದ್ದುದಕ್ಕಿಂತ ಕಪ್ಪಾಗಿಯೂ ನೀಲಿ ಇದ್ದುದಕ್ಕಿಂತ ತಿಳಿಯಾಗಿಯೂ ಕಾಣುತ್ತದೆ. ಹಳದಿ ಬೆಳಕಿನ ದೀಪದ ಕೆಳಗೆ ಕಡುನೀಲಿಗೂ ಕಪ್ಪಿಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಹೂವಿನ ಅಚ್ಚು ಇರುವ ಚೀಟಿ ಅರಿವೆಗೂ ಇದೇ ನಿಯಮ. ಸಣ್ಣ ಹೂವುಗಳು ದೂರಕ್ಕೆ ಬೆರೆತು ಒಂದೇ ಬಣ್ಣವಾಗಿ ಕಾಣುತ್ತವೆ. ಆ ಬಣ್ಣವನ್ನೇ ಲೆಕ್ಕಕ್ಕೆ ಹಿಡಿಯಿರಿ. ದೊಡ್ಡ ಹೂವಿನದನ್ನು ಮೊದಲ ಕೌದಿಗೆ ಬಳಸದಿರುವುದು ವಾಸಿ.

ನೆರೆಹೊರೆಯ ಪ್ರಭಾವ

ಒಂಟಿಯಾಗಿದ್ದಾಗ ಕಾಣುವ ಬಣ್ಣ ಬೇರೆ, ಇನ್ನೊಂದರ ಪಕ್ಕದಲ್ಲಿ ಕಾಣುವ ಬಣ್ಣ ಬೇರೆ. ಇದನ್ನು ಶಾಸ್ತ್ರೀಯವಾಗಿ ವಿವರಿಸಿದವನು ಫ್ರಾನ್ಸ್ ದೇಶದ ರಸಾಯನ ವಿಜ್ಞಾನಿ ಶೆವ್ರಲ್. 1824 ರಲ್ಲಿ ಆತ ಪ್ಯಾರಿಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿ ಬಂದ. ಅಲ್ಲಿ ಕಪ್ಪು ದಾರ ಸಾಕಷ್ಟು ಕಪ್ಪಾಗಿ ಕಾಣುವುದಿಲ್ಲವೆಂಬ ದೂರಿತ್ತು. ಪರೀಕ್ಷಿಸಿದಾಗ ದಾರಕ್ಕೆ ಹಾಕಿದ ಬಣ್ಣದಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಗಳ ಪಕ್ಕದಲ್ಲಿ ನೇಯ್ದಾಗ ಮಾತ್ರ ಕಪ್ಪು ಕಳೆಗುಂದುತ್ತಿತ್ತು. ಈ ವಿಷಯದ ಮೇಲಿನ ಅವನ ಗ್ರಂಥ 1839 ರಲ್ಲಿ ಪ್ರಕಟವಾಯಿತು. ನೀವೂ ಇದನ್ನು ಮನೆಯಲ್ಲಿ ನೋಡಬಹುದು. ಒಂದೇ ಬೂದು ಅರಿವೆಯ ಎರಡು ಚೂರುಗಳಲ್ಲಿ ಒಂದನ್ನು ಕಪ್ಪಿನ ಮೇಲೂ ಇನ್ನೊಂದನ್ನು ಬಿಳಿಯ ಮೇಲೂ ಇಡಿರಿ. ಕಪ್ಪಿನ ಮೇಲಿನದು ತಿಳಿಯಾಗಿಯೂ ಬಿಳಿಯ ಮೇಲಿನದು ಗಾಢವಾಗಿಯೂ ಕಾಣುತ್ತದೆ. ಆದುದರಿಂದ ಬಣ್ಣವನ್ನು ಗಂಟಿನಲ್ಲಿ ನೋಡಿ ಒಪ್ಪಿಕೊಳ್ಳಬೇಡಿರಿ, ಕೂಡಿಸಿ ನೋಡಿ ಒಪ್ಪಿಕೊಳ್ಳಿರಿ.

ಕೆಂಪು ಮತ್ತು ಹಸಿರು ಪರಸ್ಪರ ವಿರುದ್ಧ ಬಣ್ಣಗಳು. ಎರಡೂ ಅಷ್ಟೇ ಪ್ರಖರವಾಗಿದ್ದು ಸಮ ಪ್ರಮಾಣದಲ್ಲಿ ಸೇರಿದರೆ ಕಣ್ಣಿಗೆ ದಣಿವಾಗುತ್ತದೆ. ಆದರೂ ಹಸಿರು ಒಡಲಿಗೆ ಕೆಂಪು ಅಂಚಿನ ಇಳಕಲ್ ಸೀರೆ ಏಕೆ ಚೆಂದ? ಅಲ್ಲಿ ಹಸಿರು ಬಹಳ, ಕೆಂಪು ಸ್ವಲ್ಪ. ಸೆರಗಿನಲ್ಲಿ ಕೆಂಪು ಹೆಚ್ಚಾದ ಕಡೆ ನಡುವೆ ಬಿಳಿಯ ತೆನೆಗಳು ಬಂದು ಕಣ್ಣಿಗೆ ವಿಶ್ರಾಂತಿ ಕೊಡುತ್ತವೆ. ಒಡಲು, ಅಂಚು, ಸೆರಗು ಎಂಬ ಹಂಚಿಕೆಯಲ್ಲಿಯೇ ನೇಕಾರ ಬಣ್ಣದ ಪಾಠವನ್ನು ಬರೆದಿಟ್ಟಿದ್ದಾನೆ. ನಿಮಗೆ ಬಣ್ಣ ಕೂಡಿಸುವ ಧೈರ್ಯ ಬಾರದಿದ್ದರೆ, ನಿಮಗೆ ಪ್ರಿಯವಾದ ಒಂದು ಇಳಕಲ್ ಸೀರೆಯನ್ನು ಮುಂದಿಟ್ಟುಕೊಂಡು ಅದರ ಮೂರು ಬಣ್ಣಗಳನ್ನೇ ಆರಿಸಿಕೊಳ್ಳಿರಿ. ಆದರೆ ಸೆರಗನ್ನೇ ಕತ್ತರಿಸಿ ಸೇರಿಸುವಾಗ ಎಚ್ಚರವಿರಲಿ. ಒಡಲು ಹತ್ತಿಯದಿದ್ದರೂ ಸೆರಗು ರೇಷ್ಮೆಯದೋ ಕೃತಕ ರೇಷ್ಮೆಯದೋ ಆಗಿರುತ್ತದೆ; ಒಗೆತದಲ್ಲಿ ಎರಡರ ಗುಣ ಒಂದೇ ಅಲ್ಲ.

ಹೊಲದ ಲೆಕ್ಕ

ಜೋಳದ ಹೊಲದಲ್ಲಿ ತೊಗರಿಯ ಅಕ್ಕಡಿ ಹಾಕುವಾಗ ಜೋಳಕ್ಕೂ ತೊಗರಿಗೂ ಸಮಪಾಲು ಕೊಡುವುದಿಲ್ಲವಷ್ಟೆ. ಬಣ್ಣದಲ್ಲಿಯೂ ಹಾಗೆಯೇ. ಒಂದು ಬಣ್ಣ ಮುಖ್ಯ ಬೆಳೆ, ಇನ್ನೊಂದು ಅದಕ್ಕೆ ಜೊತೆ, ಮೂರನೆಯದು ಅಲ್ಲಲ್ಲಿ ಮಿಂಚಲು ಮಾತ್ರ. ಮೊದಲ ಕೌದಿಗೆ ಮೂರೇ ಬಣ್ಣ ಸಾಕು. ನಾಲ್ಕನೆಯದನ್ನು ಸೇರಿಸುವ ಆಸೆ ಬಂದೇ ಬರುತ್ತದೆ, ಅದನ್ನು ಎರಡನೆಯ ಕೌದಿಗೆ ಕಾದಿರಿಸಿರಿ.

ಕಲಿಯಲು ಕೂಸಿನ ಕೌದಿ ಉತ್ತಮ. ಎಂಟು ಇಂಚಿನ ಚೌಕಗಳನ್ನು ಕತ್ತರಿಸಿ, ಸುತ್ತಲೂ ಅರ್ಧ ಇಂಚು ಒಳಕ್ಕೆ ಮಡಿಚಿದರೆ ಏಳು ಇಂಚಿನ ಚೌಕವಾಗುತ್ತದೆ. ಐದು ಸಾಲು, ಸಾಲಿಗೆ ಐದು, ಒಟ್ಟು 25 ತುಂಡುಗಳು. ಇವುಗಳಲ್ಲಿ ತಿಳಿ 12, ಗಾಢ 9, ಮಿಂಚು 4. ಒಂದನೆಯ, ಮೂರನೆಯ, ಐದನೆಯ ಸಾಲುಗಳಲ್ಲಿ ಗಾಢ, ತಿಳಿ, ಗಾಢ, ತಿಳಿ, ಗಾಢ. ಎರಡನೆಯ, ನಾಲ್ಕನೆಯ ಸಾಲುಗಳಲ್ಲಿ ತಿಳಿ, ಮಿಂಚು, ತಿಳಿ, ಮಿಂಚು, ತಿಳಿ. ಸುತ್ತಲೂ ಎರಡು ಇಂಚು ಕಾಣುವಂತೆ ಗಾಢ ಬಣ್ಣದ ಪಟ್ಟಿ ಹಚ್ಚಿದರೆ ಕೌದಿ 39 ಇಂಚು ಚೌಕವಾಗುತ್ತದೆ. ಈ ಪಟ್ಟಿಯೇ ಸುಮಾರು ಆರು ಚೌಕಗಳಷ್ಟು ಜಾಗ ಹಿಡಿಯುವುದರಿಂದ ಒಟ್ಟಿನಲ್ಲಿ ಗಾಢ ಬಣ್ಣವೇ ಮುಖ್ಯ ಬೆಳೆಯಾಗಿ ನಿಲ್ಲುತ್ತದೆ.

ಅರಿವೆಯ ಲೆಕ್ಕವೂ ಹೆಚ್ಚಿನದಲ್ಲ. 45 ಇಂಚು ಪನ್ನದ ಸೀರೆಯಲ್ಲಿ ಅಡ್ಡಕ್ಕೆ ಐದು ಚೌಕ ಬರುತ್ತವೆ. ತಿಳಿ ತುಂಡುಗಳಿಗೆ 24 ಇಂಚು, ಗಾಢ ತುಂಡುಗಳಿಗೆ 16 ಇಂಚು ಉದ್ದ ಸಾಕು. ಅಂಚಿಗೆ ಐದು ಇಂಚು ಅಗಲದ ಪಟ್ಟಿ ನಾಲ್ಕೂವರೆ ಗಜ ಬೇಕು. ಅದು ಹಿಂದಕ್ಕೂ ಮಡಿಚಿಕೊಳ್ಳುತ್ತದೆ. ಮಿಂಚಿನ ನಾಲ್ಕು ತುಂಡುಗಳು ಒಂದು ಹಳೆಯ ಲಂಗದಲ್ಲಿ ಸಿಕ್ಕಾವು.

ಯಾವ ಬಣ್ಣ?

ಇದಕ್ಕೆ ಉತ್ತರ ನಿಮ್ಮ ಟ್ರಂಕಿನಲ್ಲಿದೆ, ಸ್ವಲ್ಪ ಮಟ್ಟಿಗೆ ನಿಮ್ಮ ಮಣ್ಣಿನಲ್ಲಿಯೂ ಇದೆ. ಕೌದಿ ನೀರು ಕುಡಿದರೆ ಎತ್ತಲಾಗದಷ್ಟು ಭಾರವಾಗುವುದರಿಂದ ಅದನ್ನು ಪದೇ ಪದೇ ಒಗೆಯುವುದಿಲ್ಲ. ಕೆಂಪು ಮಣ್ಣಿನ ಊರಿನಲ್ಲಿ ಇಟ್ಟಿಗೆ ಕೆಂಪು, ಕಂದು, ಕಾವಿ ಬಣ್ಣಗಳು ಧೂಳನ್ನು ಮರೆಮಾಡುತ್ತವೆ. ಎರೆ ಭೂಮಿಯ ಕಡೆ ಕಡುನೀಲಿ, ಬೂದು ವಾಸಿ. ಅಂಚಿಗೆ ಗಾಢ ಬಣ್ಣ ಹೇಳಿದ್ದಕ್ಕೂ ಇದೇ ಕಾರಣ. ಕೈಕಾಲಿನ ಕೊಳೆ ಮೊದಲು ಹತ್ತುವುದು ಅಂಚಿಗೆ.

ಕಡುನೀಲಿ, ಕೆನೆ ಬಿಳುಪು, ಅರಿಸಿನ ಹಳದಿ, ಇದು ಹೊಸಬರಿಗೆ ಕೈಕೊಡದ ಜೋಡಣೆ. ಇಟ್ಟಿಗೆ ಕೆಂಪು, ಕೆನೆ ಬಿಳುಪು, ಗಿಳಿಹಸಿರು ಎರಡನೆಯದು. ಕಡುಹಸಿರು, ತಿಳಿಹಳದಿ, ಕುಂಕುಮಗೆಂಪು ಮೂರನೆಯದು. ಇದರಲ್ಲಿ ಕುಂಕುಮಗೆಂಪು ನಾಲ್ಕು ತುಂಡು ಮೀರದಿರಲಿ. ಮಿಂಚಿಗೆ ಗುಳೇದಗುಡ್ಡದ ಖಣದ ತುಂಡು ಬಹಳ ಒಪ್ಪುತ್ತದೆ, ಬಣ್ಣ ಬಿಡದಿದ್ದರೆ. ಅಚ್ಚ ಬಿಳಿಗಿಂತ ಬಳಸಿ ಕೆನೆಗೂಡಿದ ಧೋತರ ಮೇಲು. ಅಚ್ಚ ಬಿಳಿ ಹಳೆಯ ಅರಿವೆಗಳ ನಡುವೆ ಕಣ್ಣು ಕುಕ್ಕುತ್ತದೆ, ಕೊಳೆಯೂ ಬೇಗ ಕಾಣುತ್ತದೆ.

ಸಿದ್ದಿ ಹೆಣ್ಣುಮಕ್ಕಳು ಕಾಗದದ ಮೇಲೆ ಯಾವ ನಕಾಶೆಯನ್ನೂ ಬರೆಯದೆ, ಅಂಚಿನಿಂದ ಆರಂಭಿಸಿ ಸುತ್ತು ಹಾಕುತ್ತ ನಡುವಿನ ಕಡೆಗೆ ಹೊಲಿಯುತ್ತಾರೆ. ತುಂಡುಗಳನ್ನು ಆಗಾಗ ಆರಿಸಿ ಇಡುತ್ತ ಹೋಗುತ್ತಾರೆ. ಆ ಧೈರ್ಯ ಕಣ್ಣು ಪಳಗಿದ ಮೇಲೆ ಬರುವಂಥದು. ಹೊಸಬರು ಅಲ್ಲಿಂದ ಆರಂಭಿಸುವುದು ಬೇಡ. ಆದರೆ ಅವರ ಕವಂದಿಯ ನಾಲ್ಕು ಮೂಲೆಗಳಲ್ಲಿ ಅರಿವೆಯನ್ನು ತ್ರಿಕೋನವಾಗಿ ಮಡಿಚಿ ಇಡುವ ಫೂಲವನ್ನು ನೀವೂ ಮಾಡಬಹುದು. ಮಿಂಚಿನ ಬಣ್ಣದಲ್ಲಿ ಮಾಡಿದರೆ ನಡುವಿನ ನಾಲ್ಕು ಚೌಕಗಳಿಗೆ ಮೂಲೆಗಳು ಉತ್ತರ ಕೊಟ್ಟಂತಿರುತ್ತದೆ.

ಚೌಕಗಳನ್ನು ಹೊಲಿಯುವ ಮುಂಚೆ ಹಾಸಿನ ಮೇಲೆ ಜೋಡಿಸಿ ಒಂದು ರಾತ್ರಿ ಹಾಗೆಯೇ ಬಿಡಿರಿ. ಮರುದಿನ ಬೆಳಿಗ್ಗೆ ಬಾಗಿಲಲ್ಲಿ ನಿಂತು ನೋಡಿದಾಗ ಯಾವುದಾದರೊಂದು ತುಂಡೇ ಮೊದಲು ಕಣ್ಣಿಗೆ ಹೊಡೆದರೆ ಅದನ್ನು ಬದಲಿಸಿರಿ. ದಾರಕ್ಕೆ ಬಿಳಿ ಬೇಡ. ಗಾಢ ತುಂಡಿನ ಮೇಲೆ ಬಿಳಿ ದಾರ ಹಾಕಿದರೆ ಕಲಿಯುವವರ ಸೊಟ್ಟ ಹೊಲಿಗೆಯೆಲ್ಲ ಎದ್ದು ಕಾಣುತ್ತದೆ. ತಿಳಿಗೂ ಗಾಢಕ್ಕೂ ನಡುವಣ ಬಣ್ಣದ ಗಟ್ಟಿ ಹತ್ತಿ ದಾರವಿರಲಿ. ಸಾಲಿನಿಂದ ಸಾಲಿಗೆ ಅರ್ಧ ಇಂಚು ಸಾಕು. ಒಗೆದ ಕೌದಿಯನ್ನು ಮೇಲ್ಮೈ ಒಳಗಾಗುವಂತೆ ಮಡಿಚಿ, ಗಾಳಿಯಾಡುವ ನೆರಳಿನಲ್ಲಿ ಹರವಿರಿ. ಬಿಸಿಲಿಗೇ ಹಾಕಬೇಕಾದರೆ ಹಿಂಬದಿಯನ್ನು ಸೂರ್ಯನ ಕಡೆಗೆ ಮಾಡಿರಿ.