ಪುಣೆಯಿಂದ ಔಲಿಗೆ: ಬಿರುಕು ಬಿಟ್ಟ ಊರಿನ ಮೇಲೊಂದು ಹಿಮದ ಇಳಿಜಾರು

ಪುಣೆಯ ಐಟಿ ಮಂದಿಗೆ ಹಿಮ ಎಂದರೆ ಮನಾಲಿ, ಇಲ್ಲವೇ ಗುಲ್ಮಾರ್ಗ್. ವಿಮಾನದಲ್ಲಿ ಹೋಗಿ, ನಾಲ್ಕು ಫೋಟೊ ತೆಗೆಸಿಕೊಂಡು, ಸೋಮವಾರ ಬೆಳಿಗ್ಗೆ ಮತ್ತೆ ಹಿಂಜವಡಿಯ ಟ್ರಾಫಿಕ್ಕಿಗೆ ಹಾಜರು. ನಾನು ಮತ್ತು ನನ್ನ ಹೆಂಡತಿ 2024ರ ಫೆಬ್ರವರಿಯಲ್ಲಿ ಹನ್ನೆರಡು ದಿನ ರಜೆ ಹಾಕಿ, ನಮ್ಮದೇ ಕಾರಿನಲ್ಲಿ ಉತ್ತರಾಖಂಡದ ಔಲಿಗೆ ಹೋಗಿ ಬಂದೆವು. ಧಾರವಾಡದಲ್ಲಿರುವ ಅವ್ವ, ‘ಅಷ್ಟು ದೂರ ಕಾರಿನ್ಯಾಗ ಯಾಕೋ, ವಿಮಾನ ಇಲ್ಲೇನು?’ ಎಂದು ಕೇಳಿದಳು. ಅಪ್ಪನ ಚಿಂತೆ ಬೇರೆ: ‘ಬದರಿ ಬಾಗಿಲಾ ಹಾಕಿರ್ತದ, ಹೋಗಿ ಏನು ಮಾಡ್ತೀರಿ?’

ನಮ್ಮಿಬ್ಬರ ನಡುವಿನ ವಾದ ಮಾತ್ರ ದೂರದ್ದೂ ಅಲ್ಲ, ದೇವರದ್ದೂ ಅಲ್ಲ. ಔಲಿಗೆ ಹೋಗುವವರು ಜೋಶಿಮಠ ದಾಟಿಯೇ ಹೋಗಬೇಕು. 2023ರ ಜನವರಿಯಲ್ಲಿ ಇದೇ ಊರಿನ 800ಕ್ಕೂ ಹೆಚ್ಚು ಕಟ್ಟಡಗಳಲ್ಲಿ ಬಿರುಕು ಕಾಣಿಸಿಕೊಂಡಿತ್ತು. ಹನ್ನೆರಡೇ ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿದೆ ಎಂದು ಇಸ್ರೊ ಉಪಗ್ರಹ ಚಿತ್ರಗಳು ಹೇಳಿದ್ದವು. ಅಪಾಯದ ಮನೆಗಳ ಗೋಡೆಗೆ ಕೆಂಪು ಬಣ್ಣದ ಗುಣಾಕಾರದ ಗುರುತು ಬಿದ್ದಿತ್ತು. ‘ಕುಸೀತಿರೋ ಊರಿಗೆ ನಾವೂ ಹೋಗಿ ಭಾರ ಹಾಕ್ಬೇಕಾ?’ ಎನ್ನುವುದು ಹೆಂಡತಿಯ ಪ್ರಶ್ನೆ. ಚಳಿಗಾಲದ ಎರಡು ತಿಂಗಳ ದುಡಿಮೆಯಲ್ಲೇ ವರ್ಷ ಕಳೆಯುವ ಜನರಿಗೆ ನಾವೂ ಹೋಗದಿದ್ದರೆ ಹೇಗೆ ಎನ್ನುವುದು ನನ್ನ ವಾದ. ವಾದ ತೀರ್ಮಾನವಾಗದೆಯೇ ಕಾರು ಹೊರಟಿತು.

ಪುಣೆಯಿಂದ ಜೋಶಿಮಠಕ್ಕೆ ಸುಮಾರು 1,900 ಕಿಲೋಮೀಟರ್. ನಾಲ್ಕು ದಿನಗಳಾಗಿ ಹಂಚಿಕೊಂಡೆವು. ಮೊದಲ ದಿನ ಧುಳೆ ದಾಟಿ ಇಂದೋರ್. ಎರಡನೆಯ ದಿನ ಗುಣಾ, ಶಿವಪುರಿ ಮೂಲಕ ಗ್ವಾಲಿಯರ್. ಮೂರನೆಯ ದಿನ ಚಂಬಲ್ ದಾಟಿ, ಆಗ್ರಾದಿಂದ ಯಮುನಾ ಎಕ್ಸ್‌ಪ್ರೆಸ್‌ವೇ ಹಿಡಿದು, ದೆಹಲಿಯ ಒಳಗೆ ಹೋಗದೆ ಮೇರಠ್ ಮಾರ್ಗವಾಗಿ ಋಷಿಕೇಶ. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳ ವೇಗದ ಮಿತಿ ಗಂಟೆಗೆ 100 ಕಿ.ಮೀ. ಇದ್ದದ್ದು ಮಂಜಿನ ಕಾಲದಲ್ಲಿ, ಫೆಬ್ರವರಿ ಮಧ್ಯದವರೆಗೆ, 75ಕ್ಕೆ ಇಳಿಯುತ್ತದೆ. ನಮ್ಮ ಘಟ್ಟದ ಮಂಜು ಗಾಳಿ ಬಂದರೆ ಸರಿಯುತ್ತದೆ. ಉತ್ತರದ ಬಯಲಿನ ಮಂಜು ಕೂತಲ್ಲೇ ಕೂತಿರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಮೊದಲು ಹೊರಡಬಾರದು, ಕತ್ತಲಾದ ಮೇಲೆ ಓಡಿಸಬಾರದು ಎಂಬ ಎರಡು ನಿಯಮಗಳನ್ನು ಮೂರು ದಿನವೂ ಪಾಲಿಸಿದೆವು.

ನಾಲ್ಕನೆಯ ದಿನ ಮಾತ್ರ ಸೂರ್ಯ ಹುಟ್ಟುವಾಗಲೇ ಹೊರಟೆವು. ಋಷಿಕೇಶದಿಂದ ಜೋಶಿಮಠ ಸುಮಾರು 250 ಕಿ.ಮೀ. ಪುಣೆಯಿಂದ ಕೊಲ್ಹಾಪುರಕ್ಕೆ ಹೋದಷ್ಟೇ ದೂರ. ಆದರೆ ಇಲ್ಲಿ ಇಡೀ ದಿನ ಬೇಕು. ದೇವಪ್ರಯಾಗದಲ್ಲಿ ಭಾಗೀರಥಿ ಮತ್ತು ಅಲಕನಂದಾ ಕೂಡಿ ಗಂಗೆಯಾಗುತ್ತವೆ. ಅಲ್ಲಿಂದ ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ. ಒಂದೊಂದು ನದಿಯನ್ನು ಹಿಂದೆ ಬಿಡುತ್ತ ಅಲಕನಂದೆಯ ಜೊತೆಗೆ ಮೇಲೇರುತ್ತೇವೆ. ಐದನೆಯದಾದ ವಿಷ್ಣುಪ್ರಯಾಗ ಜೋಶಿಮಠದ ಕೆಳಗೇ ಇದೆ. ದಾರಿಯುದ್ದಕ್ಕೂ ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿದಿದ್ದಾರೆ. ಕೆಲವೆಡೆ ಕಲ್ಲು ಉರುಳದಂತೆ ಬಲೆ ಹೊದಿಸಿದ್ದಾರೆ, ಕೆಲವೆಡೆ ಜೆಸಿಬಿ ಕಾದು ನಿಂತಿರುತ್ತದೆ.

ಜೋಶಿಮಠದ ಎತ್ತರ ಸಮುದ್ರ ಮಟ್ಟದಿಂದ ಸುಮಾರು 1,900 ಮೀಟರ್. ಶಂಕರಾಚಾರ್ಯರ ನಾಲ್ಕು ಆಮ್ನಾಯ ಪೀಠಗಳಲ್ಲಿ ದಕ್ಷಿಣದ್ದು ನಮ್ಮ ಶೃಂಗೇರಿಯಾದರೆ ಉತ್ತರದ್ದು ಇದು. ಮಧ್ವಾಚಾರ್ಯರು ಬದರಿಗೆ ಹೋದ ಕಥೆಯನ್ನು ಕೇಳಿ ಬೆಳೆದವರಿಗೂ ಈ ದಾರಿ ಹೊಸದಲ್ಲ. ಅಪ್ಪನ ಚಿಂತೆಗೆ ಉತ್ತರವೂ ಇಲ್ಲೇ ಸಿಕ್ಕಿತು. ಬದರಿಯ ಬಾಗಿಲು ಮುಚ್ಚಿದ ಮೇಲೆ ಆದಿ ಶಂಕರರ ಗದ್ದುಗೆ ಜೋಶಿಮಠದ ನರಸಿಂಹ ದೇವಸ್ಥಾನಕ್ಕೆ ಬರುತ್ತದೆ. ಆ ನರಸಿಂಹನ ಒಂದು ಕೈ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ, ಅದು ಮುರಿದ ದಿನ ಬೆಟ್ಟಗಳು ಕುಸಿದು ಬದರಿಯ ದಾರಿ ಮುಚ್ಚುತ್ತದೆ ಎಂಬ ನಂಬಿಕೆ ಊರಿನಲ್ಲಿದೆ.

ನಂಬಿಕೆ ಬೇಡ ಎನ್ನುವವರಿಗೆ ಸರ್ಕಾರಿ ವರದಿಯೂ ಇದೆ. 1976ರಲ್ಲಿ, ಆಗಿನ ಗಢವಾಲ್ ಕಮಿಷನರ್ ಎಂ.ಸಿ. ಮಿಶ್ರಾ ಅಧ್ಯಕ್ಷತೆಯ ಸಮಿತಿ, ಜೋಶಿಮಠ ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ, ಹಿಂದೆಂದೋ ಜಾರಿ ಬಂದ ಮಣ್ಣು ಮತ್ತು ಕಲ್ಲಿನ ರಾಶಿಯ ಮೇಲೆ ಎಂದು ತಿಳಿಸಿತ್ತು. ಭಾರದ ಕಟ್ಟಡ ಬೇಡ, ಸಿಡಿಮದ್ದು ಬೇಡ, ಇಳಿಜಾರಿನ ಮರ ಕಡಿಯಬೇಡಿ, ಚರಂಡಿ ಸರಿ ಮಾಡಿ ಎಂದು ಎಚ್ಚರಿಸಿತ್ತು. ಆಮೇಲಿನ ವರ್ಷಗಳಲ್ಲಿ ಊರಿನಲ್ಲಿ ಬಹುಮಹಡಿ ಹೋಟೆಲುಗಳೆದ್ದವು, ಹತ್ತಿರದಲ್ಲೇ ಜಲವಿದ್ಯುತ್ ಸುರಂಗ ಕೊರೆಯಲಾಯಿತು.

ನಾವು ಹೋಟೆಲು ಬಿಟ್ಟು ಒಂದು ಕುಟುಂಬದ ಮನೆಯಲ್ಲಿ ಉಳಿದೆವು. ಜೋಶಿಮಠದಿಂದ ಔಲಿಗೆ ಹೋಗುವ ಸುಮಾರು 4 ಕಿ.ಮೀ. ರೋಪ್‌ವೇ 2023ರ ಜನವರಿಯಿಂದ ನಿಂತೇ ಇತ್ತು. ಉಳಿದದ್ದು ರಸ್ತೆ. ಹಿಮ ತುಳಿದು ಗಾಜಿನಂತಾದ ಕಡೆ ನಮ್ಮ ಪುಣೆಯ ಟೈರು ನಡೆಯುವುದಿಲ್ಲ. ಕಾರನ್ನು ಕೆಳಗೇ ನಿಲ್ಲಿಸಿ, ಚಕ್ರಕ್ಕೆ ಸರಪಳಿ ಕಟ್ಟಿದ ಅಲ್ಲಿನವರ ಜೀಪು ಹತ್ತಿದೆವು. ರಾತ್ರಿ ಕಾರು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಅದು ಹೆಪ್ಪುಗಟ್ಟಿ ಹಿಡಿದುಕೊಳ್ಳಬಹುದು. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಬೇಕು, ವೈಪರ್ ಎತ್ತಿಡಬೇಕು ಎಂಬ ಪಾಠಗಳನ್ನು ಆ ಮನೆಯ ಯಜಮಾನರೇ ಹೇಳಿಕೊಟ್ಟರು.

ಔಲಿಯ ಇಳಿಜಾರು ಸುಮಾರು 2,500 ಮೀಟರಿನಿಂದ 3,000 ಮೀಟರಿನವರೆಗೆ ಹರಡಿದೆ. ಎದುರಿಗೆ 7,816 ಮೀಟರ್ ಎತ್ತರದ ನಂದಾದೇವಿ. ಐಟಿಬಿಪಿಯ ಪರ್ವತಾರೋಹಣ ಮತ್ತು ಸ್ಕೀಯಿಂಗ್ ಸಂಸ್ಥೆ ಇಲ್ಲಿದೆ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟ ನಡೆದದ್ದು ಡೆಹ್ರಾಡೂನ್ ಮತ್ತು ಔಲಿಯಲ್ಲಿ. ಕಲಿಯುವ ಮನಸ್ಸಿದ್ದರೆ ಗಢವಾಲ್ ಮಂಡಲ ವಿಕಾಸ ನಿಗಮದ 7 ಮತ್ತು 14 ದಿನಗಳ ತರಬೇತಿಗಳಿವೆ. ನಮಗಿದ್ದದ್ದು ಮೂರೇ ದಿನ.

ಮೊದಲ ದಿನವೆಲ್ಲ ಬೀಳುವುದು ಮತ್ತು ಏಳುವುದು. ಸ್ಕೀ ಬೂಟು ಹಾಕಿಕೊಂಡರೆ ನೀರು ತುಂಬಿದ ಎರಡು ಕೊಡಗಳಿಗೆ ಕಾಲು ಕಟ್ಟಿದಂತೆ. ಮುಂದಿನ ತುದಿಗಳು ಹತ್ತಿರ, ಹಿಂದಿನವು ದೂರ ಬರುವಂತೆ ಕಾಲು ಹರಡಿದರೆ ಅದೇ ಬ್ರೇಕು. ಭಯವಾದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದರೆ ಹಿಡಿತ ತಪ್ಪುತ್ತದೆ, ಮುಂದಕ್ಕೆ ಬಾಗಬೇಕು. ಕಲಿಸಿದ ಹುಡುಗ ಜೋಶಿಮಠದವನು, ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಹೆಂಡತಿ ಎರಡೇ ಗಂಟೆಯಲ್ಲಿ ತಿರುಗಲು ಕಲಿತಳು. ನನಗೆ ಮರುದಿನದ ಮಧ್ಯಾಹ್ನ ಬೇಕಾಯಿತು.

ಬಿಡುವಿನಲ್ಲಿ ಚಹಾ ಕುಡಿಯುತ್ತ ಅವನ ಮನೆಯ ವಿಚಾರ ಬಂತು. ಅಡುಗೆಮನೆಯ ಗೋಡೆಯಲ್ಲಿ ಬಿರುಕಿದೆಯಂತೆ. ಕೊಟ್ಟರೆ ಪರಿಹಾರ ತೆಗೆದುಕೊಂಡು ಕೆಳಗೆ ಹೋಗಬಹುದು, ಆದರೆ ಬಯಲಿನಲ್ಲಿ ಸ್ಕೀ ಕಲಿಸುವವನಿಗೆ ಕೆಲಸವೇನು ಎಂದ. ಅವನಿಗೆ ನೆಲದ ಚಿಂತೆಯಷ್ಟೇ ಆಕಾಶದ ಚಿಂತೆಯೂ ಇತ್ತು. 2023ರ ಫೆಬ್ರವರಿಯಲ್ಲಿ ಔಲಿಯಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಚಳಿಗಾಲದ ಕ್ರೀಡಾಕೂಟ ಹಿಮ ಸಾಲದೆ ರದ್ದಾಯಿತು. 2024ರ ಜನವರಿಯೂ ಬಹುಪಾಲು ಒಣಗಿಯೇ ಹೋಯಿತು. ಗುಲ್ಮಾರ್ಗ್‌ನಲ್ಲೂ ಹುಲ್ಲು ಕಾಣುತ್ತಿದ್ದ ತಿಂಗಳದು. ತಿಂಗಳ ಕೊನೆಗೆ ಹಿಮ ಬಿದ್ದದ್ದರಿಂದ ನಮ್ಮ ಪ್ರವಾಸ ಉಳಿಯಿತು. ನಮಗೆ ಹೋದರೆ ಹನ್ನೆರಡು ದಿನದ ರಜೆ, ಅವನಿಗೆ ವರ್ಷದ ಅನ್ನ.

ಕೊನೆಯ ದಿನ ಮಲಾರಿ ರಸ್ತೆಯಲ್ಲಿ ಇಪ್ಪತ್ತು ಚಿಲ್ಲರೆ ಕಿ.ಮೀ. ದೂರದ ರೇಣಿ ಗ್ರಾಮಕ್ಕೆ ಹೋದೆವು. ಹೆಂಡತಿಯ ಹಟ ಅದು. 1974ರ ಮಾರ್ಚ್‌ನಲ್ಲಿ ಗೌರಾದೇವಿ ಮತ್ತು ಊರಿನ ಹೆಂಗಸರು ಮರ ಕಡಿಯಲು ಬಂದವರನ್ನು ತಡೆದ ಊರು ಇದು. ಆ ಚಿಪ್ಕೋ 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ‘ಅಪ್ಪಿಕೋ’ ಆಯಿತು. ಶಿರಸಿ ಸೀಮೆಯ ತೋಟಿಗರ ಮನೆಯವಳಾದ ಇವಳಿಗೆ ಅದು ಪುಸ್ತಕದ ಪಾಠವಲ್ಲ, ಮನೆಯ ಹಿರಿಯರ ಮಾತು. ಅದೇ ರೇಣಿಯ ಪಕ್ಕದಲ್ಲಿ 2021ರ ಫೆಬ್ರವರಿ 7ರಂದು ಋಷಿಗಂಗೆ ಉಕ್ಕಿ ಜಲವಿದ್ಯುತ್ ಯೋಜನೆಯನ್ನು ಕೊಚ್ಚಿಕೊಂಡು ಹೋಯಿತು. ಕೆಳಗಿನ ತಪೋವನವೂ ಸೇರಿ 200ಕ್ಕೂ ಹೆಚ್ಚು ಜನ ಸತ್ತರು ಅಥವಾ ಕಾಣೆಯಾದರು.

ಹಿಂದಿರುಗಿದ ಆ ಜುಲೈನಲ್ಲೇ ಅಂಕೋಲಾದ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಪುಣೆಯ ಪಕ್ಕದ ಅಂಬೇಗಾಂವ್ ತಾಲ್ಲೂಕಿನ ಮಾಳಿಣ ಗ್ರಾಮ 2014ರ ಜುಲೈನಲ್ಲಿ ಮಣ್ಣಿನಡಿ ಹೋದದ್ದು ಇಲ್ಲಿಯವರಿಗೆ ಇನ್ನೂ ನೆನಪಿದೆ. ಗುಡ್ಡ ಕಡಿದು ರಸ್ತೆ, ಇಳಿಜಾರಿನಲ್ಲಿ ಕಟ್ಟಡ, ನೀರು ಹರಿಯುವ ದಾರಿಗೆ ಅಡ್ಡಿ ಎಂಬ ಲೆಕ್ಕ ಹಿಮಾಲಯಕ್ಕೂ ಸಹ್ಯಾದ್ರಿಗೂ ಒಂದೇ. ಆ ರಸ್ತೆಯಲ್ಲಿ ಬೇಗ ತಲುಪಬೇಕೆನ್ನುವವರು ನಮ್ಮಂಥವರೇ.

ನಮ್ಮ ವಾದ ಇವತ್ತಿಗೂ ಪೂರ್ತಿ ತೀರಿಲ್ಲ. ಆದರೆ ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಹೋಗುವುದಾದರೆ ಅಲ್ಲಿನವರ ಮನೆಯಲ್ಲಿ ಉಳಿಯಬೇಕು, ಅಲ್ಲಿನವರ ಜೀಪು ಹತ್ತಬೇಕು, ಅಲ್ಲಿನವರಿಂದಲೇ ಕಲಿಯಬೇಕು. ಎರಡು ದಿನಕ್ಕೆ ಓಡಿಹೋಗಿ ಬರುವ ಬದಲು ನಾಲ್ಕು ದಿನ ಇರಬೇಕು. ಹೋಗುವ ಯೋಚನೆಯಿದ್ದರೆ ಜನವರಿ ಕೊನೆಯಿಂದ ಫೆಬ್ರವರಿ ಒಳ್ಳೆಯದು. ಹೊರಡುವ ಮೊದಲು ಹಿಮ ಬಿದ್ದಿದೆಯೇ, ರಸ್ತೆ ತೆರೆದಿದೆಯೇ ಎಂದು ಉಳಿಯುವ ಮನೆಯವರಿಗೇ ಫೋನ್ ಮಾಡಿ ಕೇಳಿ. ಹಾಗೆಯೇ, ಗೋಡೆ ಹೇಗಿದೆ ಎಂದೂ ಕೇಳಿ. ಆ ಪ್ರಶ್ನೆ ಅವರಿಗೆ ಬೇಸರ ತರುವುದಿಲ್ಲ.